ಕರ್ನಲ್ ಮಾಡ್ಯೂಲ್ ಒಳಗಿಂದ ಫೈಲಿನ ಉತಾರ ತೆಗೆಯುವುದು ಹೇಗೆ?

ಫೈನಲ್ ಇಯರ್ ಪ್ರಾಜೆಕ್ಟ್ ಶುರುವಾದರೆ ಸಾಕು, ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆಯ ಹುಡುಗ ಹುಡುಗಿಯರಿಂದ ಒಂದೇ ಪ್ರಶ್ನೆ ಬರುತ್ತದೆ. "ಸರ್, ಮಾಡ್ಯೂಲ್ ಒಳಗಿಂದ ಒಂದು ಫೈಲಿನ ಸೈಜು, ಓನರ್, ಟೈಮು ಹೇಗೆ ತಗೊಳ್ಳೋದು? ಸ್ಟ್ಯಾಟ್ ಕರೆದರೆ ಕಂಪೈಲೇ ಆಗ್ತಿಲ್ಲ." ಒಬ್ಬೊಬ್ಬರಿಗೆ ಬೇರೆ ಬೇರೆ ಹೇಳಿ ಸಾಕಾಗಿದೆ. ಅದಕ್ಕೇ ಇಲ್ಲಿ ಒಂದೇ ಸಲ ಬರೆದಿದ್ದೇನೆ. ಮಾತು ಲಿನಕ್ಸ್ ಕರ್ನಲ್‌ನದು, ಅಂದರೆ ಆ ಆಪರೇಟಿಂಗ್ ಸಿಸ್ಟಂನ ತಿರುಳಿನದು. ಓಡುತ್ತಿರುವ ಕರ್ನಲ್ ಒಳಗೆ ಸೇರಿಸುವ ಕೋಡಿನ ತುಂಡೇ ಮಾಡ್ಯೂಲ್.

ಮೊದಲೇ ಒಂದು ಸೂಚನೆ. ಫಂಕ್ಷನ್ ಹೆಸರುಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ. ಅಡಿಗೆರೆ ಇರುವಲ್ಲಿ ಅಡಿಗೆರೆ ಹಾಕಿ. ಕಾಗುಣಿತ ತಪ್ಪಬಹುದು ಅನ್ನಿಸಿದ ಕಡೆ ಅಕ್ಷರ ಬಿಡಿಸಿ ಹೇಳಿದ್ದೇನೆ.

ಇದು ನಿಮಗೆ ನಿಜವಾಗಿ ಬೇಕಾ?

ಬರೀ ಫೈಲಿನ ಸೈಜು ನೋಡಬೇಕು ಎಂದರೆ ಕರ್ನಲ್ ಒಳಗೆ ಕೈ ಹಾಕಬೇಡಿ. ಸಾದಾ ಸಿ ಪ್ರೋಗ್ರಾಂನಲ್ಲಿ ಸ್ಟ್ಯಾಟ್ ಅಥವಾ ಸ್ಟ್ಯಾಟ್‌ಎಕ್ಸ್ ಕರೆದರೆ ಕೆಲಸ ಮುಗಿಯಿತು. ಸಾದಾ ಪ್ರೋಗ್ರಾಂನಲ್ಲಿ ತಪ್ಪಾದರೆ ಆ ಪ್ರೋಗ್ರಾಂ ಮಾತ್ರ ಸಾಯುತ್ತದೆ. ಕರ್ನಲ್‌ನಲ್ಲಿ ತಪ್ಪಾದರೆ ಇಡೀ ಮಷೀನು ಮಲಗುತ್ತದೆ. ಫೈಲ್ ಮೇಲೆ ನಿಗಾ ಇಡುವ ಸೆಕ್ಯುರಿಟಿ ಮಾಡ್ಯೂಲು, ಸ್ವಂತ ಫೈಲ್ ಸಿಸ್ಟಂ, ಇಲ್ಲವೇ ಕರ್ನಲ್ ಕಲಿಯಲೇಬೇಕೆಂಬ ಹಟ, ಇವುಗಳಲ್ಲಿ ಒಂದು ಇದ್ದರೆ ಮುಂದೆ ಓದಿ.

ಹಂತ 1: ಸಾಮಾನು ಹೊಂದಿಸಿಕೊಳ್ಳಿ

ಸ್ವಂತ ಲ್ಯಾಪ್‌ಟಾಪ್ ಮೇಲೆ ನೇರವಾಗಿ ಮಾಡಬೇಡಿ. ವರ್ಚುವಲ್‌ಬಾಕ್ಸ್ ಅಥವಾ ಕ್ಯೂಎಮುದಲ್ಲಿ ಒಂದು ಉಬುಂಟು ಹಾಕಿ, ಮೊದಲ ಸ್ನ್ಯಾಪ್‌ಶಾಟ್ ತೆಗೆದಿಡಿ. 24.04 ಆವೃತ್ತಿ ಮೊದಲು ಬಂದದ್ದು 6.8 ಕರ್ನಲ್ ಜೊತೆ. ಇಲ್ಲಿ ಹೇಳುವುದು ಅದಕ್ಕೆ ಹೊಂದುತ್ತದೆ.

ಬಿಲ್ಡ್-ಎಸೆನ್ಷಿಯಲ್ ಪ್ಯಾಕೇಜು ಬೇಕು. ಈಗ ಓಡುತ್ತಿರುವ ಕರ್ನಲ್‌ಗೆ ಸರಿಹೊಂದುವ ಲಿನಕ್ಸ್-ಹೆಡರ್ಸ್ ಪ್ಯಾಕೇಜು ಬೇಕು. ಯಾವ ಕರ್ನಲ್ ಓಡುತ್ತಿದೆ ಎಂದು ಯುನೇಮ್ -ಆರ್ ಹೇಳುತ್ತದೆ. ಅಪ್‌ಡೇಟ್ ಮಾಡಿ ರೀಬೂಟ್ ಮಾಡದೇ ಬಿಟ್ಟರೆ ಹೆಡರ್ ಒಂದು, ಓಡುವ ಕರ್ನಲ್ ಇನ್ನೊಂದು ಆಗಿ ಮಾಡ್ಯೂಲು ಒಳಗೇ ಹೋಗುವುದಿಲ್ಲ. ನಿಜವಾದ ಮಷೀನಿನಲ್ಲಿ ಸೆಕ್ಯೂರ್ ಬೂಟ್ ಆನ್ ಇದ್ದರೆ ಸಹಿ ಇಲ್ಲದ ಮಾಡ್ಯೂಲನ್ನು ಅದು ಬಾಗಿಲಲ್ಲೇ ತಡೆಯುತ್ತದೆ. ಕೀ ರಿಜೆಕ್ಟ್ ಆಯಿತು ಎಂಬ ಸಂದೇಶ ಬಂದರೆ ಕಾರಣ ಅದೇ. ನಿಮ್ಮ ಕೋಡಿನಲ್ಲಿ ತಪ್ಪು ಹುಡುಕುತ್ತಾ ಕೂರಬೇಡಿ.

ಹಂತ 2: ನಾಲ್ಕು ಶಬ್ದ ತಿಳಿದುಕೊಳ್ಳಿ

ಇದನ್ನು ಬಿಟ್ಟು ಮುಂದೆ ಹೋದವರೇ ಜಾಸ್ತಿ ತಿಣುಕುವುದು. ಹಾಗಾಗಿ ಸ್ವಲ್ಪ ನಿಂತು ಓದಿ.

ನಮ್ಮ ಕಡೆ ಹೊಲಕ್ಕೆ ಉತಾರ ಇರುತ್ತದೆ. ಬೇರೆ ಕಡೆ ಪಹಣಿ ಅನ್ನುತ್ತಾರಲ್ಲ, ಅದೇ. ಯಾರ ಹೆಸರಲ್ಲಿದೆ, ಎಷ್ಟು ಎಕರೆ ಎಷ್ಟು ಗುಂಟೆ, ಎಲ್ಲಾ ಅದರಲ್ಲಿರುತ್ತದೆ. ಹೊಲದ ಮಣ್ಣು ಮಾತ್ರ ಅದರಲ್ಲಿರುವುದಿಲ್ಲ. ಫೈಲಿಗೂ ಹೀಗೆಯೇ ಒಂದು ಉತಾರ ಇದೆ. ಅದಕ್ಕೆ ಇನೋಡ್ ಎನ್ನುತ್ತಾರೆ. ಓನರ್, ಸೈಜು, ಪರ್ಮಿಷನ್, ಟೈಮು ಎಲ್ಲಾ ಅಲ್ಲಿರುತ್ತದೆ. ಮೆಟಾಡೇಟಾ ಎಂದರೆ ಇದೇ.

ಇನೋಡ್‌ನಲ್ಲಿ ಫೈಲಿನ ಹೆಸರು ಇರುವುದಿಲ್ಲ. ಸರ್ವೆ ನಂಬರ್ ಒಂದೇ ಇದ್ದರೂ ಊರಿನವರು ಅದೇ ಹೊಲವನ್ನು ಬಾವಿ ಹೊಲ ಅಂತಲೂ ಕರೆಯುತ್ತಾರೆ, ಬೇವಿನ ಮರದ ಹೊಲ ಅಂತಲೂ ಕರೆಯುತ್ತಾರೆ. ಹಾಗೆ ಕರೆಯುವ ಹೆಸರನ್ನು ಇನೋಡ್‌ಗೆ ಜೋಡಿಸುವುದು ಡೆಂಟ್ರಿ. ಒಂದೇ ಇನೋಡ್‌ಗೆ ಎರಡು ಹೆಸರು ಇದ್ದರೆ ಹಾರ್ಡ್ ಲಿಂಕ್.

ಮೂರನೆಯದು ಮೌಂಟ್, ಅಂದರೆ ಒಂದು ಫೈಲ್ ಸಿಸ್ಟಂ ಅನ್ನು ಫೋಲ್ಡರುಗಳ ಮರಕ್ಕೆ ಜೋಡಿಸಿದ್ದು. ಸರ್ವೆ ನಂಬರ್ 42 ಅಂದರೆ ಯಾವ ಊರಿನ 42? ಅಥಣಿಯದೋ ಜಮಖಂಡಿಯದೋ? ಇನೋಡ್ ನಂಬರೂ ಅಷ್ಟೇ, ಒಂದು ಫೈಲ್ ಸಿಸ್ಟಂ ಒಳಗೆ ಮಾತ್ರ ಅದಕ್ಕೆ ಅರ್ಥ. ಪೆನ್‌ಡ್ರೈವ್‌ನಲ್ಲೂ ಅದೇ ನಂಬರು ಇರಬಹುದು. ಎರಡು ಫೈಲು ಒಂದೇನಾ ಎಂದು ನೋಡುವಾಗ ಇನೋಡ್ ನಂಬರಿನ ಜೊತೆ ಡಿವೈಸ್ ನಂಬರನ್ನೂ ಹೋಲಿಸಿ. ಎಷ್ಟು ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಈ ತಪ್ಪು ನೋಡಿದ್ದೇನೋ!

ನಾಲ್ಕನೆಯದು ಪಾತ್ ಎಂಬ ಸ್ಟ್ರಕ್ಚರು. ಒಂದು ಮೌಂಟ್, ಒಂದು ಡೆಂಟ್ರಿ, ಎರಡನ್ನೂ ಕೂಡಿ ಕಟ್ಟಿದ ಗಂಟು. ಯಾವ ಊರು, ಯಾವ ಹೆಸರು ಎರಡೂ ಗೊತ್ತಾದಂತೆ. ಮುಂದಿನ ಕೆಲಸವೆಲ್ಲಾ ಈ ಗಂಟಿನ ಮೇಲೆ.

ಹಂತ 3: ಮಾಡ್ಯೂಲಿನ ಚೌಕಟ್ಟು

ಒಂದು ಫೋಲ್ಡರಿನಲ್ಲಿ ಉತಾರ.ಸಿ ಎಂಬ ಫೈಲು ಮಾಡಿ. ಲಿನಕ್ಸ್ ಫೋಲ್ಡರಿನ ನಾಲ್ಕು ಹೆಡರ್ ಸೇರಿಸಿ: ಮಾಡ್ಯೂಲ್.ಎಚ್, ಎಫ್‌ಎಸ್.ಎಚ್, ಸ್ಟ್ಯಾಟ್.ಎಚ್, ನೇಮ್‌ಐ.ಎಚ್. ಕೊನೆಯದು ನೇಮ್ ಶಬ್ದದ ಮುಂದೆ ಒಂದು ಐ ಅಕ್ಷರ, ಅಷ್ಟೇ. ಹೆಸರಿನಿಂದ ಇನೋಡ್‌ಗೆ ಹೋಗುವುದು ಎಂದು ಅರ್ಥ.

ಶುರುವಿಗೆ ಒಂದು ಫಂಕ್ಷನ್, ಮುಗಿಸಲು ಒಂದು ಫಂಕ್ಷನ್, ಲೈಸೆನ್ಸ್ ಸಾಲಿನಲ್ಲಿ ಜಿಪಿಎಲ್. ಫೈಲಿನ ದಾರಿಯನ್ನು ಕೋಡಿನಲ್ಲೇ ಬರೆದಿಡಬೇಡಿ, ಮಾಡ್ಯೂಲ್_ಪರಮ್ ಬಳಸಿ ಹೊರಗಿನಿಂದ ತೆಗೆದುಕೊಳ್ಳಿ. ಅದರ ಬಗೆ ಚಾರ್‌ಪಿ. ಪ್ರತಿ ಸಲ ಕಂಪೈಲ್ ಮಾಡುವ ಕಷ್ಟ ತಪ್ಪುತ್ತದೆ. ಮೇಕ್‌ಫೈಲಿನಲ್ಲಿ ಒಬಿಜೆ-ಎಂ ಪಟ್ಟಿಗೆ ಉತಾರ.ಒ ಸೇರಿಸಿ, ಕರ್ನಲ್‌ನ ಬಿಲ್ಡ್ ಫೋಲ್ಡರಿನ ಮೂಲಕ ಮೇಕ್ ಕರೆಯುವ ಆದೇಶದ ಸಾಲೊಂದನ್ನು ಬರೆಯಿರಿ. ಆದೇಶದ ಸಾಲಿನ ಮೊದಲು ಟ್ಯಾಬ್ ಇರಬೇಕು, ಸ್ಪೇಸ್ ಅಲ್ಲ.

ಹಂತ 4: ಹೆಸರು ಕೊಟ್ಟು ಪಾತ್ ಪಡೆಯಿರಿ

ಇದಕ್ಕೆ ಇರುವ ಫಂಕ್ಷನ್ ಕರ್ನ್_ಪಾತ್. ಕೆ, ಇ, ಆರ್, ಎನ್, ನಾಲ್ಕೇ ಅಕ್ಷರ. ಕರ್ನಲ್ ಎಂದು ಪೂರ್ತಿ ಬರೆಯಬೇಡಿ.

ತಪ್ಪು = ಕರ್ನ್_ಪಾತ್(ಹೆಸರು, ಲುಕಪ್_ಫಾಲೋ, &ದಾರಿ);

ಲುಕಪ್_ಫಾಲೋ ದೊಡ್ಡಕ್ಷರದಲ್ಲಿ. ದಾರಿ ಎಂಬುದು ನೀವು ಮೊದಲೇ ಘೋಷಿಸಿದ ಪಾತ್ ಸ್ಟ್ರಕ್ಚರು. ತಪ್ಪು ಎಂಬುದು ಫಲಿತಾಂಶ ಹಿಡಿಯುವ ವೇರಿಯಬಲ್. ಅದರಲ್ಲಿ ಸೊನ್ನೆ ಬಂದರೆ ಗೆದ್ದಿರಿ. ಮೈನಸ್ 2 ಬಂದರೆ ಅಂಥ ಫೈಲ್ ಇಲ್ಲ. ಮೈನಸ್ 13 ಎಂದರೆ ಪರ್ಮಿಷನ್ ಇಲ್ಲ. ಮೈನಸ್ 20 ಎಂದರೆ ದಾರಿಯ ನಡುವೆ ಫೋಲ್ಡರ್ ಇರಬೇಕಾದ ಕಡೆ ಬೇರೆ ಏನೋ ಇದೆ. ಸೊನ್ನೆ ಬಾರದಿದ್ದರೆ ಅಲ್ಲಿಂದಲೇ ವಾಪಸ್ ಹೋಗಿ, ದಾರಿಯನ್ನು ಮುಟ್ಟಬೇಡಿ.

ಲುಕಪ್_ಫಾಲೋ ಕೊಟ್ಟರೆ ಸಿಂಬಾಲಿಕ್ ಲಿಂಕಿನ ಹಿಂದೆ ಹೋಗಿ ನಿಜವಾದ ಫೈಲನ್ನು ಹಿಡಿಯುತ್ತದೆ. ಅದರ ಬದಲು 0 ಕೊಟ್ಟರೆ ಲಿಂಕಿನದೇ ವಿವರ ಸಿಗುತ್ತದೆ. ಪರೀಕ್ಷೆ ಮಾಡಬೇಕಾ? ಉಬುಂಟುವಿನಲ್ಲಿ ಇಟಿಸಿ ಫೋಲ್ಡರಿನ ಒಎಸ್-ರಿಲೀಸ್ ಎಂಬುದು ಒಂದು ಲಿಂಕು. ಅದು ಯುಎಸ್‌ಆರ್ ಒಳಗಿನ ಲಿಬ್ ಫೋಲ್ಡರಿಗೆ ಕೈ ತೋರಿಸುತ್ತದೆ. 0 ಕೊಟ್ಟು ನೋಡಿದರೆ ಸೈಜು 21 ಬರುತ್ತದೆ. ಏಕೆಂದರೆ ಲಿಂಕಿನ ಒಳಗೆ ಬರೆದ ದಾರಿಯ ಉದ್ದ ಸರಿಯಾಗಿ 21 ಅಕ್ಷರ.

ಫೈಲಿನ ಹೆಸರನ್ನು ಪ್ರಾಕ್ ಫೈಲಿನ (ಕರ್ನಲ್ ಜೊತೆ ಮಾತಾಡಲು ಪ್ರಾಕ್ ಫೋಲ್ಡರಿನಲ್ಲಿ ಇಡುವ ಫೈಲು) ಮೂಲಕ ತೆಗೆದುಕೊಳ್ಳುವವರಿಗೆ ಎರಡು ಎಚ್ಚರಿಕೆ. ಯೂಸರ್ ಕಡೆಯ ಪಾಯಿಂಟರನ್ನು ಹಾಗೇ ಕರ್ನ್_ಪಾತ್ ಕೈಗೆ ಕೊಡಬೇಡಿ. ಮೊದಲು ಮೆಮ್‌ಡಪ್_ಯೂಸರ್_ನಲ್ ಬಳಸಿ ಕರ್ನಲ್ ಒಳಗೆ ನಕಲು ಮಾಡಿ, ಕೆಲಸ ಮುಗಿದ ಮೇಲೆ ಕೆಫ್ರೀ ಮಾಡಿ. ಆ ಹೆಸರಿನ ಮೊದಲ ಭಾಗದ ಕಾಗುಣಿತ ಎಂ, ಇ, ಎಂ, ಡಿ, ಯು, ಪಿ; ಕೊನೆಯದು ಎನ್, ಯು, ಎಲ್, ಒಂದೇ ಎಲ್. ಇನ್ನೊಂದು, ಎಕೋ ಆದೇಶ ಹೆಸರಿನ ಕೊನೆಗೆ ಒಂದು ಹೊಸ ಸಾಲಿನ ಅಕ್ಷರ ಅಂಟಿಸಿ ಕಳಿಸುತ್ತದೆ. ಕರ್ನಲ್ ಆ ಅಕ್ಷರವನ್ನೂ ಹೆಸರಿನ ಭಾಗ ಎಂದೇ ತಿಳಿದು ಮೈನಸ್ 2 ಕೊಡುತ್ತದೆ. "ಫೈಲ್ ಕಣ್ಣ ಮುಂದೆ ಇದೆ, ಇಲ್ಲ ಅಂತಿದೆ" ಎಂದು ತಲೆ ಕೆಡಿಸಿಕೊಂಡವರಲ್ಲಿ ನಾನೂ ಒಬ್ಬ. ಸ್ಟ್ರಿಮ್ ಫಂಕ್ಷನ್ ಬಳಸಿ ಒರೆಸಿಬಿಡಿ. ಆದರೆ ಕೆಫ್ರೀಗೆ ಮೂಲ ಪಾಯಿಂಟರನ್ನೇ ಕೊಡಿ, ಸ್ಟ್ರಿಮ್ ವಾಪಸ್ ಕೊಟ್ಟಿದ್ದನ್ನಲ್ಲ.

ಹಂತ 5: ಉತಾರ ಕೇಳಿ, ಕದ್ದು ಓದಬೇಡಿ

ಪಾತ್ ಸಿಕ್ಕ ಕೂಡಲೇ ಬಹಳ ಜನ ಡೆಂಟ್ರಿಯಿಂದ ಇನೋಡ್‌ಗೆ ಹಾರಿ, ಅದರ ಐ_ಸೈಜ್, ಐ_ಬ್ಲಾಕ್ಸ್ ನೇರವಾಗಿ ಓದಿಬಿಡುತ್ತಾರೆ. ಹಳೆಯ ಕೋಡಿನಲ್ಲೆಲ್ಲಾ ಹೀಗೇ ಇದೆ. ಉತ್ತರವೂ ಬರುತ್ತದೆ. ಆದರೆ ಆ ಉತ್ತರ ಯಾವಾಗಲೂ ಸರಿ ಇರುವುದಿಲ್ಲ.

ಮನೆಯ ಟ್ರಂಕಿನಲ್ಲಿರುವ ಹಳೆಯ ಉತಾರ ನೋಡಿ ಬ್ಯಾಂಕಿನವರು ಸಾಲ ಕೊಡುತ್ತಾರಾ? ಊರಿನ ಜಮೀನಿನ ಲೆಕ್ಕ ಇಡುವ ತಲಾಟಿ ಹತ್ತಿರ ಹೋಗಿ ಇವತ್ತಿನದು ತನ್ನಿ ಎನ್ನುತ್ತಾರೆ. ಇಲ್ಲೂ ಹಾಗೆಯೇ. ಪ್ರತಿ ಫೈಲ್ ಸಿಸ್ಟಂಗೂ ತನ್ನದೇ ತಲಾಟಿ ಇದ್ದಾನೆ. ಅವನನ್ನು ಕೇಳುವ ಕಿಟಕಿಯ ಹೆಸರು ವಿಎಫ್‌ಎಸ್_ಗೆಟ್‌ಆಟರ್. ಗೆಟ್ ಆದ ಮೇಲೆ ಎ, ಟಿ, ಟಿ, ಆರ್.

ಎರಡು ನಿಜವಾದ ಉದಾಹರಣೆ. ಎಕ್ಸ್ಟ್4 ಫೈಲ್ ಸಿಸ್ಟಂ ನೀವು ಬರೆದ ಕೂಡಲೇ ಡಿಸ್ಕಿನಲ್ಲಿ ಜಾಗ ಹಂಚುವುದಿಲ್ಲ, ತಡ ಮಾಡುತ್ತದೆ. ಹಂಚಿಕೆ ಆಗುವ ತನಕ ಇನೋಡ್‌ನ ಐ_ಬ್ಲಾಕ್ಸ್‌ನಲ್ಲಿ ಆ ಲೆಕ್ಕ ಸೇರಿರುವುದಿಲ್ಲ. ಗೆಟ್‌ಆಟರ್ ಮೂಲಕ ಕೇಳಿದರೆ ಎಕ್ಸ್ಟ್4 ಬಾಕಿ ಇರುವ ಬ್ಲಾಕುಗಳನ್ನೂ ಕೂಡಿಸಿ ಹೇಳುತ್ತದೆ. ಇನ್ನೊಂದು ಎನ್‌ಎಫ್‌ಎಸ್, ಅಂದರೆ ಬೇರೆ ಸರ್ವರಿನ ಫೈಲನ್ನು ನೆಟ್‌ವರ್ಕ್ ಮೇಲೆ ತೋರಿಸುವ ವ್ಯವಸ್ಥೆ. ಕಾಲೇಜಿನ ಲ್ಯಾಬುಗಳಲ್ಲಿ ಹೋಮ್ ಫೋಲ್ಡರು ಹೀಗೆ ಇರುವುದುಂಟು. ಅಲ್ಲಿ ನಿಮ್ಮ ಮಷೀನಿನ ಇನೋಡ್ ಬರೀ ಒಂದು ನಕಲು. ಆಚೆ ಯಾರೋ ಫೈಲು ಬದಲಿಸಿದ್ದರೆ ನಿಮಗೆ ಗೊತ್ತೇ ಆಗಿರುವುದಿಲ್ಲ. ಗೆಟ್‌ಆಟರ್ ಬೇಕಾದಾಗ ಸರ್ವರನ್ನು ಕೇಳಿ ಬರುತ್ತದೆ.

ತಪ್ಪು = ವಿಎಫ್‌ಎಸ್_ಗೆಟ್‌ಆಟರ್(&ದಾರಿ, &ವಿವರ, ಸ್ಟ್ಯಾಟ್‌ಎಕ್ಸ್_ಬೇಸಿಕ್_ಸ್ಟ್ಯಾಟ್ಸ್, ಎಟಿ_ಸ್ಟ್ಯಾಟ್‌ಎಕ್ಸ್_ಸಿಂಕ್_ಆ್ಯಸ್_ಸ್ಟ್ಯಾಟ್);

ವಿವರ ಎಂಬುದು ಕೆಸ್ಟ್ಯಾಟ್ ಬಗೆಯ ಸ್ಟ್ರಕ್ಚರು. ಮೂರನೆಯದು ಯಾವ ಯಾವ ವಿವರ ಬೇಕು ಎಂಬ ಪಟ್ಟಿ. ನಾಲ್ಕನೆಯದು ಎಷ್ಟು ತಾಜಾ ಇರಬೇಕು ಎಂಬ ಮಾತು. ಸಿಂಕ್_ಆ್ಯಸ್_ಸ್ಟ್ಯಾಟ್ ಎಂದರೆ ಸಾದಾ ಸ್ಟ್ಯಾಟ್ ಮಾಡುವಂತೆಯೇ ಮಾಡು ಎಂದರ್ಥ. ಹೊಸಬರಿಗೆ ಅದೇ ಸಾಕು.

ಈ ನಾಲ್ಕು ಆರ್ಗ್ಯುಮೆಂಟಿನ ರೂಪ ಬಂದದ್ದು 2017ರ 4.11 ಕರ್ನಲ್‌ನಲ್ಲಿ, ಸ್ಟ್ಯಾಟ್‌ಎಕ್ಸ್ ಜೊತೆಗೆ. ಅದಕ್ಕೂ ಹಳೆಯ ಉದಾಹರಣೆಗಳಲ್ಲಿ ಎರಡೋ ಮೂರೋ ಮಾತ್ರ ಇರುತ್ತವೆ. ಎಲ್ಲಿಂದಲೋ ನಕಲು ಮಾಡಿದ ಕೋಡು "ಆರ್ಗ್ಯುಮೆಂಟು ಕಡಿಮೆ" ಎಂದು ಬೈದರೆ ಕಾರಣ ಇದು.

ಇನ್ನೊಂದು ಹಳೆಯ ಗೀಳು ಸೆಟ್_ಎಫ್‌ಎಸ್. ಕರ್ನಲ್ ಪಾಯಿಂಟರನ್ನೇ ಯೂಸರ್ ಪಾಯಿಂಟರ್ ಎಂದು ನಂಬಿಸಿ, ಸಿಸ್ಟಂ ಕಾಲ್ ಫಂಕ್ಷನ್ನನ್ನು ಒಳಗಿನಿಂದಲೇ ಕರೆಯುವ ಉಪಾಯ ಅದು. ನಮ್ಮ ಪಿಸಿಗಳ ಎಕ್ಸ್86 ಕರ್ನಲ್‌ನಿಂದ ಅದನ್ನು 5.10ರಲ್ಲಿ, ಅಂದರೆ 2020ರ ಡಿಸೆಂಬರಿನಲ್ಲಿ, ಕಿತ್ತು ಹಾಕಿದರು. ಒಳ್ಳೆಯದೇ ಆಯಿತು. ಸೆಟ್_ಎಫ್‌ಎಸ್ ಕಂಡ ಕೋಡನ್ನು ಓದುವುದನ್ನು ಅಲ್ಲೇ ನಿಲ್ಲಿಸಿ.

ಹಂತ 6: ಬಂದ ವಿವರವನ್ನು ಸರಿಯಾಗಿ ಓದಿ

ಸೈಜ್ ಬೈಟಿನಲ್ಲಿದೆ. ಬ್ಲಾಕ್ಸ್ ಎಂಬುದು 512 ಬೈಟಿನ ಲೆಕ್ಕ, ಫೈಲ್ ಸಿಸ್ಟಂನ ಬ್ಲಾಕು 4096 ಇದ್ದರೂ ಅಷ್ಟೇ. ಪಕ್ಕದಲ್ಲೇ ಇರುವ ಬಿಎಲ್‌ಕೆಸೈಜ್‌ನಿಂದ ಗುಣಿಸಿದರೆ ಫೈಲು ಎಂಟು ಪಟ್ಟು ಊದಿಕೊಂಡು ಕಾಣುತ್ತದೆ. ಪ್ರಾಕ್ ಒಳಗಿನ ಸಿಪಿಯುಇನ್ಫೋ ತರಹದ ಫೈಲುಗಳ ಸೈಜು 0 ಬರುತ್ತದೆ. ಅದು ತಪ್ಪಲ್ಲ, ಅವು ಓದುವಾಗ ಹುಟ್ಟುವ ಫೈಲುಗಳು.

ಮೋಡ್‌ನಲ್ಲಿ ಫೈಲಿನ ಬಗೆ ಮತ್ತು ಪರ್ಮಿಷನ್ ಎರಡೂ ಕೂಡಿರುತ್ತವೆ. ಪರ್ಮಿಷನ್ ಮಾತ್ರ ಬೇಕಾದರೆ 07777 ಜೊತೆ ಆ್ಯಂಡ್ ಮಾಡಿ, ಆಕ್ಟಲ್‌ನಲ್ಲಿ ಮುದ್ರಿಸಿ. ಯುಐಡಿ ಸಾದಾ ಅಂಕಿ ಅಲ್ಲ, ಕೆಯುಐಡಿ ಎಂಬ ಸ್ಟ್ರಕ್ಚರು. ಫ್ರಮ್_ಕೆಯುಐಡಿ ಬಳಸಿ ಅಂಕಿ ಮಾಡಿಕೊಂಡು ಮುದ್ರಿಸಬೇಕು.

ಟೈಮಿನಲ್ಲಿ ಎಲ್ಲರೂ ಎಡವುತ್ತಾರೆ. ಸಿಟೈಮ್‌ನ ಸಿ ಎಂದರೆ ಕ್ರಿಯೇಟ್ ಅಲ್ಲ, ಚೇಂಜ್. ಪರ್ಮಿಷನ್ ಬದಲಿಸಿದರೂ ಅದು ಬದಲಾಗುತ್ತದೆ. ಹುಟ್ಟಿದ ಸಮಯ ಬೇಕಾದರೆ ಬಿಟೈಮ್ ಇದೆ. ಆದರೆ ಅದನ್ನು ಹಿಂದಿನ ಹಂತದ ಪಟ್ಟಿಯಲ್ಲಿ ಸ್ಟ್ಯಾಟ್‌ಎಕ್ಸ್_ಬಿಟೈಮ್ ಎಂದು ಸೇರಿಸಿ ಕೇಳಬೇಕು. ಕೇಳಿದರೂ ಎಲ್ಲಾ ಫೈಲ್ ಸಿಸ್ಟಂ ಕೊಡುವುದಿಲ್ಲ. ಕೊಟ್ಟಿದೆಯೋ ಇಲ್ಲವೋ ಎಂದು ವಿವರದ ರಿಸಲ್ಟ್_ಮಾಸ್ಕ್ ನೋಡಿ ತಿಳಿಯಿರಿ. ನೋಡದೇ ಮುದ್ರಿಸಿದರೆ ಫೈಲು 1970ರಲ್ಲಿ ಹುಟ್ಟಿದಂತೆ ಕಾಣಬಹುದು. ಎಟೈಮ್ ನಂಬಿ ಲೆಕ್ಕ ಕಟ್ಟಬೇಡಿ. ಲಿನಕ್ಸ್ ಸಾಮಾನ್ಯವಾಗಿ ಪ್ರತಿ ಓದಿಗೂ ಅದನ್ನು ಬದಲಿಸುವುದಿಲ್ಲ.

ಟೈಮಿನ ಸೆಕೆಂಡು 64 ಬಿಟ್‌ನದು. ಮುದ್ರಿಸುವಾಗ ಎಲ್‌ಎಲ್‌ಡಿ ಹಾಕಿ. ಲೆಕ್ಕ 1970ರ ಜನವರಿ 1ರಿಂದ, ಗ್ರೀನಿಚ್ ಸಮಯದಲ್ಲಿ. ನಮ್ಮ ಗಡಿಯಾರಕ್ಕಿಂತ ಐದೂವರೆ ತಾಸು ಹಿಂದೆ ಕಂಡರೆ ಗಾಬರಿ ಬೇಡ. ಸಂದೇಶದ ಕೊನೆಗೆ ಹೊಸ ಸಾಲಿನ ಗುರುತು ಮರೆಯಬೇಡಿ. ಮರೆತರೆ ಆ ಸಾಲು ಮುಂದಿನ ಸಂದೇಶ ಬರುವ ತನಕ ಕಾಣದೇ ಇರಬಹುದು.

ಹಂತ 7: ತೆಗೆದುಕೊಂಡದ್ದನ್ನು ವಾಪಸ್ ಕೊಡಿ

ಪಾತ್_ಪುಟ್(&ದಾರಿ);

ಒಂದೇ ಸಾಲು. ಬಿಟ್ಟರೆ ಮಷೀನು ತಕ್ಷಣ ಬೀಳುವುದಿಲ್ಲ, ಅದೇ ಅಪಾಯ. ಕರ್ನ್_ಪಾತ್ ಗೆದ್ದಾಗ ಆ ಡೆಂಟ್ರಿ ಮತ್ತು ಮೌಂಟಿನ ಮೇಲೆ ನಿಮ್ಮ ಹೆಸರಲ್ಲಿ ಒಂದೊಂದು ಲೆಕ್ಕ ಏರುತ್ತದೆ. ಇಳಿಸದಿದ್ದರೆ ಯಾರೋ ಇನ್ನೂ ಬಳಸುತ್ತಿದ್ದಾರೆ ಎಂದೇ ಕರ್ನಲ್ ತಿಳಿಯುತ್ತದೆ. ಪೆನ್‌ಡ್ರೈವ್ ಮೇಲಿನ ಫೈಲಿನ ಜೊತೆ ಬೇಕೆಂದೇ ಹೀಗೆ ಮಾಡಿ ನೋಡಿ. ಅನ್‌ಮೌಂಟ್ ಮಾಡಲು ಹೋದರೆ ಬಿಝಿ ಎನ್ನುತ್ತದೆ. ಮಾಡ್ಯೂಲು ತೆಗೆದರೂ ಬಿಝಿಯೇ. ರೀಬೂಟೇ ಗತಿ.

ಬಹಳ ಸಲ ತಪ್ಪುವುದು ಸೋತ ದಾರಿಯಲ್ಲಿ. ಕರ್ನ್_ಪಾತ್ ಗೆದ್ದು ಗೆಟ್‌ಆಟರ್ ಸೋತರೆ, ಆಗಲೂ ಪಾತ್_ಪುಟ್ ಆಗಲೇಬೇಕು. ಹಾಗಾಗಿ ಗೆಟ್‌ಆಟರ್ ಕರೆದ ಮರುಸಾಲಿನಲ್ಲೇ, ಫಲಿತಾಂಶ ನೋಡುವ ಮೊದಲೇ, ಪಾತ್_ಪುಟ್ ಬರೆದುಬಿಡಿ. ವಿವರ ನಿಮ್ಮ ಕೈಯಲ್ಲಿ ನಕಲಾಗಿ ಬಂದಿದೆ, ದಾರಿ ಇನ್ನು ಬೇಡ. ಕರ್ನ್_ಪಾತ್ ತಾನೇ ಸೋತಿದ್ದರೆ ಮಾತ್ರ ಕರೆಯಬೇಡಿ.

ಹಂತ 8: ತಾಳೆ ನೋಡಿ

ಮೇಕ್ ಮಾಡಿ, ಇನ್ಸ್‌ಮಾಡ್ ಜೊತೆ ಫೈಲಿನ ಪೂರ್ತಿ ದಾರಿ ಕೊಟ್ಟು ಹಾಕಿ, ಇನ್ನೊಂದು ಟರ್ಮಿನಲ್ಲಿನಲ್ಲಿ ಡಿಮೆಸೇಜ್ ತೆರೆದಿಟ್ಟುಕೊಳ್ಳಿ. ಅದೇ ಫೈಲಿಗೆ ಸ್ಟ್ಯಾಟ್ ಆದೇಶ ಕೊಟ್ಟು ಅಂಕಿ ಹೋಲಿಸಿ. ಸ್ಟ್ಯಾಟ್ ಆದೇಶ ತಾನಾಗಿ ಲಿಂಕಿನ ಹಿಂದೆ ಹೋಗುವುದಿಲ್ಲ. ನೀವು ಲುಕಪ್_ಫಾಲೋ ಕೊಟ್ಟಿದ್ದರೆ ಇಲ್ಲೂ ದೊಡ್ಡ ಎಲ್ ಅಕ್ಷರದ ಆಯ್ಕೆ ಕೊಡಿ. ಇಲ್ಲದಿದ್ದರೆ ಎರಡೂ ಸರಿ ಇದ್ದು ತಾಳೆ ಮಾತ್ರ ಆಗುವುದಿಲ್ಲ.

ಎಲ್ಲಿಂದ ಕರೆಯುತ್ತಿದ್ದೀರಿ?

ಮೇಲಿನದೆಲ್ಲಾ ಸರಿಯಾಗಿ ಓಡಿದ ಮೇಲೆ ಅದೇ ಕೋಡನ್ನು ಕೆಪ್ರೋಬ್ ಹ್ಯಾಂಡ್ಲರಿಗೋ (ಕರ್ನಲ್ ಕೋಡಿನ ಒಂದು ಜಾಗ ಓಡಿದಾಗ ಕರೆಯಲಾಗುವ ಫಂಕ್ಷನ್), ಟೈಮರಿಗೋ, ನೆಟ್‌ಫಿಲ್ಟರ್ ಹುಕ್ಕಿಗೋ (ನೆಟ್‌ವರ್ಕ್ ಪ್ಯಾಕೆಟ್ ಬಂದಾಗ ಕರೆಯಲಾಗುವುದು) ಒಯ್ದು ಅಂಟಿಸುತ್ತೀರಿ. ಅಲ್ಲಿ ಮಷೀನು ನೇತುಬೀಳುತ್ತದೆ. ಕರ್ನ್_ಪಾತ್, ಗೆಟ್‌ಆಟರ್, ಪಾತ್_ಪುಟ್ ಮೂರೂ ಮಲಗಬಹುದಾದ ಫಂಕ್ಷನ್‌ಗಳು. ಮಲಗುವುದು ಎಂದರೆ ಡಿಸ್ಕಿಗೋ ಸರ್ವರಿಗೋ ಕಾಯುತ್ತಾ ಸಿಪಿಯು ಬಿಟ್ಟುಕೊಡುವುದು. ಇಂಟರಪ್ಟ್ (ಹಾರ್ಡ್‌ವೇರ್ ನಡುವೆ ಬಂದು ಸಿಪಿಯುವನ್ನು ಕರೆಯುವುದು) ಒಳಗೆ, ಸ್ಪಿನ್‌ಲಾಕ್ (ಮಲಗದೇ ಸುತ್ತುತ್ತಾ ಕಾಯುವ ಬೀಗ) ಹಿಡಿದಾಗ ಮಲಗುವಂತಿಲ್ಲ. ಸಣ್ಣ ಪರೀಕ್ಷೆಯಲ್ಲಿ ಎಲ್ಲಾ ಮೆಮೊರಿಯಲ್ಲೇ ಇರುವುದರಿಂದ ಕಾಯುವ ಪ್ರಸಂಗ ಬರುವುದಿಲ್ಲ, ಸುಮ್ನೆ ಓಡಿಬಿಡುತ್ತದೆ. ವೈವಾ ದಿನ ಕೈ ಕೊಡುತ್ತದೆ. ಕಾನ್ಫಿಗ್_ಡೀಬಗ್_ಅಟಾಮಿಕ್_ಸ್ಲೀಪ್ ಆನ್ ಮಾಡಿದ ಕರ್ನಲ್‌ನಲ್ಲಿ ಒಮ್ಮೆ ಓಡಿಸಿದರೆ ಈ ತಪ್ಪು ಮೊದಲೇ ಬಯಲಾಗುತ್ತದೆ.

ಪರಿಹಾರ ವರ್ಕ್‌ಕ್ಯೂ, ಅಂದರೆ ಕೆಲಸವನ್ನು ಚೀಟಿ ಬರೆದು ಆಮೇಲೆ ಮಾಡಲು ಬಿಡುವುದು. ಅದರಲ್ಲೂ ಒಂದು ತಿರುವು ಇದೆ. ಹೆಸರಿನ ಹುಡುಕಾಟ ನಡೆಯುವುದು ಕರೆದ ಪ್ರೋಸೆಸ್ಸಿನ ಕಣ್ಣಿನಿಂದ. ಅದರ ರೂಟ್ ಫೋಲ್ಡರು, ಅದರ ಮೌಂಟುಗಳು, ಅದರ ಪರ್ಮಿಷನ್. ವರ್ಕ್‌ಕ್ಯೂನಲ್ಲಿ ಕರೆಯುವವನು ಕರ್ನಲ್ ಥ್ರೆಡ್. ಡಾಕರ್ ಕಂಟೇನರ್ ಒಳಗಿನ ಪ್ರೋಗ್ರಾಂ ಕೊಟ್ಟ ದಾರಿಯನ್ನು ಅವನು ಹೋಸ್ಟಿನ ಮರದಲ್ಲಿ ಹುಡುಕುತ್ತಾನೆ. ಬೇರೆಯೇ ಫೈಲು ಸಿಗುತ್ತದೆ. ಮೇಲಾಗಿ ಅವನಿಗೆ ರೂಟ್ ಅಧಿಕಾರ ಇರುವುದರಿಂದ, ಸಾದಾ ಯೂಸರ್ ನೋಡಬಾರದ ವಿವರವನ್ನು ನಿಮ್ಮ ಮಾಡ್ಯೂಲು ಆ ಯೂಸರ್ ಕೈಗೆ ಕೊಟ್ಟುಬಿಡಬಹುದು. ಆದ್ದರಿಂದ ಹೆಸರನ್ನು ಚೀಟಿಯಲ್ಲಿ ಬರೆದು ಕಳಿಸಬೇಡಿ.

ಕೈಯಲ್ಲಿ ತೆರೆದ ಫೈಲು ಇದ್ದರಂತೂ ಹೆಸರಿನ ಗೊಡವೆಯೇ ಬೇಡ. ಫೈಲ್ ಸ್ಟ್ರಕ್ಚರಿನ ಎಫ್_ಪಾತ್ ಒಳಗೆ ಗಂಟು ಸಿದ್ಧವಾಗಿದೆ. ಮಲಗಬಹುದಾದ ಜಾಗದಲ್ಲಿ ಇದ್ದರೆ ಅದನ್ನೇ ಗೆಟ್‌ಆಟರ್‌ಗೆ ಕೊಡಿ. ಇಲ್ಲದಿದ್ದರೆ ಪಾತ್_ಗೆಟ್ ಮಾಡಿ ಲೆಕ್ಕ ಏರಿಸಿ, ಗಂಟನ್ನೇ ವರ್ಕ್‌ಕ್ಯೂಗೆ ಕಳಿಸಿ, ಅಲ್ಲಿ ಗೆಟ್‌ಆಟರ್, ಆಮೇಲೆ ಪಾತ್_ಪುಟ್. ಹೆಸರಿನಿಂದ ಹುಡುಕುವುದಕ್ಕಿಂತ ಇದು ಗಟ್ಟಿ. ಹೆಸರು ಹುಡುಕಿ ವಿವರ ನೋಡಿ ನಿರ್ಧಾರ ಮಾಡುವಷ್ಟರಲ್ಲಿ ಇನ್ನೊಬ್ಬರು ಆ ಹೆಸರಿಗೆ ಬೇರೆ ಫೈಲು ಇಟ್ಟಿರಬಹುದು. ಬಾವಿ ಹೊಲ ಎಂಬ ಹೆಸರು ನಿನ್ನೆ ಒಂದು ಸರ್ವೆ ನಂಬರಿಗೆ, ಇವತ್ತು ಪಕ್ಕದ ನಂಬರಿಗೆ! ತೆರೆದ ಫೈಲಿನ ಗಂಟು ಹಾಗೆ ಜಾರುವುದಿಲ್ಲ.

ತೆರೆದ ಫೈಲಿನ ಹೆಸರನ್ನು ಮುದ್ರಿಸಬೇಕೇ? ಡಿ_ಪಾತ್ ಫಂಕ್ಷನ್ ಇದೆ. ಅದು ಹೆಸರನ್ನು ಬಫರಿನ ಕೊನೆಯಿಂದ ಹಿಂದಕ್ಕೆ ತುಂಬುತ್ತದೆ. ಅದು ವಾಪಸ್ ಕೊಟ್ಟ ಪಾಯಿಂಟರನ್ನು ಮುದ್ರಿಸಿ, ಬಫರಿನ ಮೊದಲ ವಿಳಾಸವನ್ನಲ್ಲ.

ಕೊನೆಗೆ, ಇಷ್ಟೆಲ್ಲಾ ಹೇಳಿದ ಮೇಲೂ ಇನೋಡ್ ಫೀಲ್ಡನ್ನೇ ಓದಬೇಕು ಎನ್ನುವವರಿಗೆ. ಸೈಜಿಗೆ ಐ_ಸೈಜ್_ರೀಡ್ ಬಳಸಿ. ಸಿಟೈಮ್‌ಗೆ 6.6 ಕರ್ನಲ್‌ನಿಂದ ಇನೋಡ್_ಗೆಟ್_ಸಿಟೈಮ್ ಬಂದಿದೆ. ಹಳೆಯ ಐ_ಸಿಟೈಮ್ ಎಂಬ ಹೆಸರು ಈಗ ಅಲ್ಲಿಲ್ಲ, ಕಂಪೈಲರ್ ಅಲ್ಲೇ ನಿಲ್ಲಿಸುತ್ತದೆ. ಗೆಟ್‌ಆಟರ್ ಬಳಸಿದ ಕೋಡು ಮಾತ್ರ ಈ ಬದಲಾವಣೆಯಲ್ಲಿ ಒಂದು ಸಾಲೂ ತಿದ್ದದೇ ಕಂಪೈಲ್ ಆಯಿತು.